ಐವತ್ತು ಕೆಬಿಯ ಹತ್ತಡಿ ಫೋಟೋ

ಎಂಟರ್ ಕೀಲಿ ಒತ್ತುವುದಕ್ಕೆ ಬುದ್ಧಿಯೇನೂ ಬೇಕಾಗಿಲ್ಲ, ಒಂದು ಬೆರಳಿದ್ದರೆ ಸಾಕು. ಆ ಗುರುವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ಐವತ್ತು ಕೆಬಿಯ ಬಲಗೈ ಬೆರಳು ಯಜಮಾನನನ್ನು ಒಂದು ಮಾತೂ ಕೇಳದೆ ತಾನೇ ಹೋಗಿ ಎಂಟರ್ ಒತ್ತಿ ಬಂದುಬಿಟ್ಟಿತು. ಅವತ್ತಿನ ಫಜೀತಿಯೆಲ್ಲ ಶುರುವಾದದ್ದು ಅಲ್ಲಿಂದ.

ಐವತ್ತು ಕೆಬಿ ಅನ್ನುವುದು ಪೇಟೆಯವರು ಅವನಿಗೆ ಕೊಟ್ಟ ಬಿರುದು. ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ, ಕ್ಷೌರದಂಗಡಿಯ ಜೊತೆ ಗೋಡೆ ಹಂಚಿಕೊಂಡು ಅವನದೊಂದು ಫೋಟೋ ಸ್ಟುಡಿಯೋ. ಕೆಲಸಕ್ಕೆ ಅರ್ಜಿ, ಪರೀಕ್ಷೆಗೆ ಅರ್ಜಿ, ಲೈಸೆನ್ಸಿಗೆ ಅರ್ಜಿ, ಯಾವುದೇ ಇರಲಿ, ಕಂಪ್ಯೂಟರಿನ ಹಟ ಒಂದೇ: ಫೋಟೋದ ಫೈಲು ಐವತ್ತು ಕೆಬಿ ಮೀರಬಾರದು. ಎಂಥ ದೊಡ್ಡ ಮುಖವನ್ನೂ ಹಿಂಡಿ, ಮಡಿಸಿ, ಅದುಮಿ ಐವತ್ತು ಕೆಬಿಯೊಳಗೆ ಕೂರಿಸುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಪಕ್ಕದೂರಿನಿಂದಲೂ ಜನ ತಮ್ಮ ಮುಖ ಹಿಂಡಿಸಿಕೊಳ್ಳಲು ಅವನಲ್ಲಿಗೇ ಬರುತ್ತಿದ್ದರು.

ಆದರೆ ಹತ್ತೊಂಬತ್ತು ವರ್ಷ ಅಂಚೆಚೀಟಿಯಷ್ಟು ಫೋಟೋ ತೆಗೆದವನ ಎದೆಯೊಳಗೂ ಒಂದು ಆಸೆ ಅಂತ ಇರುತ್ತದಲ್ಲ? ತಾನು ತೆಗೆದ ಒಂದೇ ಒಂದು ಫೋಟೋ ದೊಡ್ಡ ಗೋಡೆಯ ಮೇಲೆ ನಿಲ್ಲಬೇಕು. ಹೋಗುತ್ತಿದ್ದವರು ನಿಂತು ನೋಡಿ, "ಇದನ್ನ ತೆಗೆದೋರು ಯಾರು?" ಅಂತ ಕೇಳಬೇಕು. ಇಷ್ಟೇ. ಒಮ್ಮೆ ಹೆಂಡತಿಯ ಮುಂದೆ ಇದನ್ನು ಬಾಯಿಬಿಟ್ಟು ಹೇಳಿ, "ಮೊದ್ಲು ನಮ್ಮನೆ ಗೋಡೆಗೆ ಒಂದು ಹಾಕಿ, ಆಮೇಲೆ ಊರಿನ ಗೋಡೆ ನೋಡೋಣ" ಅನ್ನಿಸಿಕೊಂಡಿದ್ದ.

ಅಂಥವನಿಗೆ ಕೊನೆಗೂ ಗೋಡೆಯೊಂದು ಸಿಕ್ಕಿತ್ತು. ಪೇಟೆಯ ಲೈಬ್ರರಿಯಲ್ಲಿ ಮೂವತ್ತೊಂದು ವರ್ಷ ಕೂತಿದ್ದ ಲೈಬ್ರರಿ ಮೇಡಂ ಅವತ್ತು ನಿವೃತ್ತಿ. ಓದುಗರೆಲ್ಲ ಸೇರಿ ಅವರದೊಂದು ಹತ್ತಡಿ ಅಗಲದ ಫೋಟೋವನ್ನು ವಾಚನಾಲಯದ ಗೋಡೆಗೆ ಹಾಕುವುದೆಂದು ತೀರ್ಮಾನಿಸಿದ್ದರು. ಸಂಜೆ ನಾಲ್ಕಕ್ಕೆ ನಗರಸಭೆ ಅಧ್ಯಕ್ಷರ ಕೈಯಿಂದ ಅನಾವರಣ. ಫೋಟೋ ತೆಗೆಯುವ ಕೆಲಸ ಐವತ್ತು ಕೆಬಿಯದು.

ಆ ಮೇಡಂ ನಕ್ಕದ್ದನ್ನು ಕಂಡವರು ಕಡಿಮೆ. "ನಗಿ ಮೇಡಂ" ಅಂದರೆ "ಶ್!" ಎಂದು ಬಾಯಿಗೆ ಬೆರಳಿಡುವ ಅಭ್ಯಾಸ ಅವರಿಗೆ. ಹಿಂದಿನ ವಾರ ಅವರ ಮೇಜಿನೆದುರು ಇವನು ಅರ್ಧ ಗಂಟೆ ಬೆವರಿದ್ದ. ಕೊನೆಗೆ ಸೋತು ಹಿಂದೆ ಸರಿಯುವಾಗ ಸ್ಟೂಲಿಗೆ ಕಾಲು ತಾಗಿ, ನಿಂತ ನಿಲುವಿನಲ್ಲೇ ಕಸದ ಬುಟ್ಟಿಯೊಳಗೆ ಕೂತುಬಿಟ್ಟ. ಮೇಡಂ ಗೊಳ್ಳೆಂದು ನಕ್ಕರು. ಬುಟ್ಟಿಯೊಳಗಿಂದಲೇ ಕ್ಲಿಕ್ ಮಾಡಿದ. ಅದು ಅವನ ಜೀವಮಾನದ ಫೋಟೋ. ಕನ್ನಡಕದ ಹಿಂದೆ ಕಣ್ಣು ಮಿನುಗುತ್ತಿದ್ದವು, ಕೆನ್ನೆಯಲ್ಲಿ ಯಾರಿಗೂ ಗೊತ್ತಿಲ್ಲದ ಒಂದು ಗುಳಿ ಇತ್ತು.

ಅದನ್ನೇ ಗುರುವಾರ ಬೆಳಿಗ್ಗೆ ತೊಳೆದು, ಬಣ್ಣ ತಿದ್ದಿ, ಫೈಲು ಮಾಡಲು ಎಕ್ಸ್‌ಪೋರ್ಟ್ ಒತ್ತಿ, ಎಂಟರ್ ಕುಟ್ಟಿ, ರಸ್ತೆಯಾಚೆಯ ಬ್ಯಾನರ್ ಪ್ರಿಂಟಿನವನಿಗೆ ಕಳಿಸಿದ. ಐದು ನಿಮಿಷಕ್ಕೆ ಫೋನು.

"ಹಲೋ ಐವತ್ತು ಕೆಬಿ, ನೀವು ಕಳ್ಸಿರೋದು ಲೈಬ್ರರಿ ಮೇಡಂ ಫೋಟೋನಾ, ಇಲ್ಲಾ ಬಚ್ಚಲುಮನೆ ಟೈಲ್ಸ್ ಡಿಸೈನಾ?"

ಓಡಿದ. ಬ್ಯಾನರಿನವನ ದೊಡ್ಡ ಪರದೆಯಲ್ಲಿ ಮೇಡಂ ಚೌಕಚೌಕವಾಗಿ ಕೂತಿದ್ದರು. ಮೂಗು ನಾಲ್ಕು ಚೌಕ, ಕಣ್ಣು ಎರಡೆರಡು. ನಗು ಇರಬೇಕಾದ ಕಡೆ ರಸ್ತೆ ದಾಟುವಲ್ಲಿ ಬಳಿದ ಬಿಳಿ ಪಟ್ಟಿಯಂಥದೇನೋ ಇತ್ತು.

"ನನ್ನ ಕಂಪ್ಯೂಟರಲ್ಲಿ ಚೆನ್ನಾಗಿತ್ತಲ್ಲ ಮಾರಾಯ!"

"ನಿಮ್ಮ ಕಂಪ್ಯೂಟರಲ್ಲಿ ಅಂಗೈಯಗಲ. ನಾನು ಹಾಕೋದು ಹತ್ತಡಿ. ಒಂದು ಸೌಟು ಹಿಟ್ಟು ಕೊಟ್ಟು ಕೋಣೆ ತುಂಬಾ ದೋಸೆ ಹುಯ್ಯಿ ಅಂದ್ರೆ ಹೆಂಗೆ?" ಬ್ಯಾನರಿನವನು ಗಡಿಯಾರ ತೋರಿಸಿದ. "ಮಧ್ಯಾಹ್ನ ಒಂದು ಗಂಟೆಯೊಳಗೆ ಸರಿಯಾದ ಫೈಲ್ ಕೊಟ್ರೆ ಹಾಕ್ತೀನಿ. ಆಮೇಲೆ ಮಿಷನ್ನು ಸೋಪಿನ ಕಂಪನಿಯೋರದ್ದು. ಅದ್ರ ಮೇಲೂ ಬಂದ್ರೆ ಗೋಡೆ ಮೇಲೆ ಮೇಡಂ ಬದ್ಲು ಸೋಪೇ ನೇತಾಕ್ಬೇಕು, ನೋಡಿ."

ಐವತ್ತು ಕೆಬಿ ವಾಪಸು ಬಂದು, ಈ ಸಲ ಗುಣಮಟ್ಟದ ಗೀಟನ್ನು ನೂರಕ್ಕೆ ಎಳೆದು, ಎಕ್ಸ್‌ಪೋರ್ಟ್ ಮಾಡಿದ. ಫೈಲು ನೋಡಿದ. ನಲವತ್ತೊಂಬತ್ತು ಕೆಬಿ. ಮತ್ತೆ ಮಾಡಿದ. ನಲವತ್ತೊಂಬತ್ತು. ಬೇರೆ ಹೆಸರಿನಲ್ಲಿ ಮಾಡಿದ. ಹೆಸರು ಬೇರೆಯಾಯಿತು, ತೂಕ ಅದೇ.

"ಏನು, ಬೆಳಿಗ್ಗೆ ಬೆಳಿಗ್ಗೆ ಕಂಪ್ಯೂಟರಿಗೆ ಬೈತಾ ಇದೀಯ?"

ಗೋಡೆ ಹಂಚಿಕೊಂಡ ಕ್ಷೌರದಂಗಡಿಯವನು ಕತ್ತಿ ಹಿಡಿದುಕೊಂಡೇ ಬಂದಿದ್ದ. ಅವನ ಹಿಂದೆ ಮುಖದ ತುಂಬ ಸೋಪಿನ ನೊರೆ, ಕೊರಳಿಗೆ ಬಿಳಿ ಬಟ್ಟೆ ಕಟ್ಟಿಕೊಂಡ ಅವನ ಗಿರಾಕಿ. ಕುರ್ಚಿಯಲ್ಲಿ ಒಬ್ಬನೇ ಕೂತಿದ್ದರೆ ವಿಷಯ ತಪ್ಪಿಹೋಗುತ್ತದಲ್ಲ ಅಂತ ಅವನೂ ಎದ್ದು ಬಂದಿದ್ದ.

ಐವತ್ತು ಕೆಬಿ ವಿಷಯ ಹೇಳಿದ. ಕ್ಷೌರಿಕ ಪರದೆಯ ಹತ್ತಿರ ಬಗ್ಗಿ, ಡಾಕ್ಟರು ನಾಲಿಗೆ ನೋಡುವ ಹಾಗೆ ನೋಡಿದ.

"ಇಲ್ಲಿ ರೆಸಲ್ಯೂಶನ್ ಅಂತ ಇದೆಯಲ್ಲ, ಎಪ್ಪತ್ತೆರಡು. ಅದನ್ನ ಮುನ್ನೂರು ಮಾಡು. ನಮ್ಮಂಗ್ಡೀಲಿ ಕೂತಿದ್ದ ಪ್ರೆಸ್ಸಿನೋನು ಹೇಳ್ತಿದ್ದ, ಪ್ರಿಂಟಿಗೆ ಮುನ್ನೂರು ಇಲ್ದೆ ಆಗಲ್ಲ ಅಂತ."

"ಮುನ್ನೂರೇ ಯಾಕೆ, ಆರ್ನೂರು ಮಾಡಿ" ಅಂದ ಗಿರಾಕಿ. ಒಂದು ಗುಳ್ಳೆ ಹಾರಿಬಂದು ಕೀಬೋರ್ಡಿನ ಮೇಲೆ ಕೂತಿತು.

"ನೀನು ಸುಮ್ನಿರಯ್ಯಾ, ನೊರೆ ಒಣಗುತ್ತೆ."

ಮುನ್ನೂರು ಹಾಕಿದರು. ಎಂಟರ್. ಕಳಿಸಿದರು. ಫೋನು ಬಂತು.

"ಏನೂ ಬದಲಾಗಿಲ್ಲ ಕಣ್ರೀ! ಅಂಕಿ ಮಾತ್ರ ಮುನ್ನೂರು ಅಂತಿದೆ, ಒಳಗಿನ ಚುಕ್ಕೆ ಅಷ್ಟೇ ಇದಾವೆ. ಒಂದು ಲೀಟರ್ ಡಬ್ಬದ ಮೇಲೆ ಹತ್ತು ಲೀಟರ್ ಅಂತ ಚೀಟಿ ಅಂಟಿಸಿ ಕೊಟ್ಟಂಗಾಯ್ತು."

ಹತ್ತೂವರೆಗೆ ಭಾಮೈದ ಬಂದ. ಕರೆದದ್ದಕ್ಕೆ ಬಂದವನಲ್ಲ. ಅಕ್ಕನಿಗೆ ಭಾವನ ಪರದಾಟದ ಸುದ್ದಿ ಮುಟ್ಟಿಸಿದ್ದು ಕ್ಷೌರಿಕ, ಅಕ್ಕ ತಮ್ಮನಿಗೆ ಫೋನು ಮಾಡಿದ್ದು, ತಮ್ಮ ಹಾರಿಕೊಂಡು ಬಂದದ್ದು. ಹೆಂಡತಿಯ ಈ ತಮ್ಮನಿಗೆ ಇಂಥದೇ ಉದ್ಯೋಗ ಅಂತಿಲ್ಲ. ಆದರೆ ಗೊತ್ತಿಲ್ಲದ ವಿಷಯ ಅಂತಲೂ ಇಲ್ಲ.

"ಏಳಿ ಭಾವ, ಸ್ವಲ್ಪ ಏಳಿ" ಅಂತ ಕುರ್ಚಿ ಕಸಿದುಕೊಂಡ. "ನೀವೆಲ್ಲ ಇನ್ನೂ ಹಳೇ ಕಾಲದಲ್ಲೇ ಇದೀರಾ. ಫೋಟೋನೇ ದೊಡ್ಡದು ಮಾಡ್ಬೇಕು. ಎಷ್ಟಿದೆ? ಆರು ಸಾವಿರ ಪಿಕ್ಸೆಲ್ಲಾ? ಅರವತ್ತು ಸಾವಿರ ಮಾಡಣ."

"ತಡ್ಕೊಳ್ಳುತ್ತೇನೋ ಅದು?"

"ಹೆದರಬೇಡಿ ಭಾವ, ನಾನಿದೀನಲ್ಲ."

ಹೆದರಬೇಕಾದದ್ದು ಅದಕ್ಕೇ ಎಂದು ಐವತ್ತು ಕೆಬಿಗೆ ಹೊಳೆಯುವಷ್ಟರಲ್ಲಿ ಸೊನ್ನೆ ಬಿದ್ದಾಗಿತ್ತು. ಕಂಪ್ಯೂಟರಿನ ಪೆಟ್ಟಿಗೆಯಿಂದ ಮೊದಲು ಮೆಲ್ಲಗೆ ಗುಂಯ್ ಅಂತ ಬಂತು, ಆಮೇಲೆ ಏದುಸಿರು, ಆಮೇಲೆ ಘಾಟಿ ಹತ್ತುವ ಲಾರಿಯ ಸದ್ದು. ಪರದೆಯ ಮೇಲೆ ಮೇಡಂ ಅರ್ಧ ನಗುವಿನಲ್ಲಿ ಗರ ಬಡಿದವರಂತೆ ನಿಂತರು. ಹತ್ತು ನಿಮಿಷ, ಇಪ್ಪತ್ತು, ಮೂವತ್ತೈದು. ಕ್ಷೌರಿಕ ತನ್ನ ಅಂಗಡಿಯ ಟೇಬಲ್ ಫ್ಯಾನು ತಂದು ಪೆಟ್ಟಿಗೆಗೆ ಗಾಳಿ ಬಿಟ್ಟ. ಗಿರಾಕಿ ತನ್ನ ಕೊರಳಿನ ಬಟ್ಟೆ ಬಿಚ್ಚಿ ಬೀಸಿದ. ಅಷ್ಟು ಸೇವೆ ಮಾಡಿದ ಮೇಲೆ ಕಂಪ್ಯೂಟರು ನಿಟ್ಟುಸಿರು ಬಿಟ್ಟು ಫೈಲು ಹೆತ್ತಿತು.

ನಲವತ್ತೊಂಬತ್ತು ಕೆಬಿ.

"ಇದಕ್ಕೆ ವೈರಸ್ಸೇ ಬಂದಿರೋದು" ಅಂದ ಭಾಮೈದ.

"ಇದಕ್ಕೆ ನಿನ್ನ ಮೇಲೆ ಏನೋ ಸಿಟ್ಟಿದೆ" ಅಂದ ಕ್ಷೌರಿಕ, ಐವತ್ತು ಕೆಬಿಯ ಕಡೆ ತಿರುಗಿ. "ಹತ್ತೊಂಬತ್ತು ವರ್ಷ ಹಿಂಡಿಸಿದ್ದೀಯಲ್ಲ, ಇನ್ನೇನು ಮಾಡುತ್ತೆ ಪಾಪ."

ಭಾಮೈದ ಸೋಲುವ ಜಾತಿಯಲ್ಲ. "ಎಕ್ಸ್‌ಪೋರ್ಟೂ ಬೇಡ, ಗಿಕ್ಸ್‌ಪೋರ್ಟೂ ಬೇಡ" ಎಂದವನೇ ತನ್ನ ಮೊಬೈಲ್ ತೆಗೆದು, ಕಂಪ್ಯೂಟರಿನ ಪರದೆಯದೇ ಒಂದು ಫೋಟೋ ಹೊಡೆದು, ಭಾವ ಬೇಡ ಬೇಡ ಅನ್ನುವಷ್ಟರಲ್ಲಿ ಬ್ಯಾನರಿನವನಿಗೆ ಕಳಿಸಿಬಿಟ್ಟ. ಈ ಸಲ ಫೋನು ಬರಲಿಲ್ಲ. ಬ್ಯಾನರಿನವನೇ ರಸ್ತೆ ದಾಟಿ ಬಂದ.

"ನೋಡಿ, ಈ ಫೋಟೋ ಪರವಾಗಿಲ್ಲ, ಮೊದಲಿನದಕ್ಕಿಂತ ಸ್ಪಷ್ಟವಾಗೇ ಇದೆ. ಒಂದೇ ಡೌಟು. ಮೇಡಂ ಹಿಂದೆ ಯಾರೋ ಒಬ್ಬ ಕತ್ತಿ ಹಿಡ್ಕೊಂಡು ನಿಂತಿದಾನಲ್ಲ, ಅವನು ಇರ್ಲಾ ಬೇಡ್ವಾ?"

ಎಲ್ಲರೂ ಕ್ಷೌರಿಕನ ಕಡೆ ನೋಡಿದರು. ಪರದೆಯ ಗಾಜಿನಲ್ಲಿ ಅವನ ನೆರಳು ನಿಚ್ಚಳವಾಗಿ ಬಿದ್ದಿತ್ತು. ಅವನ ಪಕ್ಕ ಬಿಳಿ ಗಡ್ಡದ ಭೂತದಂತೆ ಗಿರಾಕಿಯೂ ಇದ್ದ.

"ನಾನು ಚೆನ್ನಾಗೇ ಬಂದಿದೀನಿ" ಅಂದ ಕ್ಷೌರಿಕ, ಸ್ವಲ್ಪ ನಾಚಿಕೊಂಡು.

ಗಡಿಯಾರ ಹನ್ನೆರಡೂವರೆ ತೋರಿಸುತ್ತಿತ್ತು. ಐವತ್ತು ಕೆಬಿ ಬಾಗಿಲ ಮೆಟ್ಟಿಲ ಮೇಲೆ ಹೋಗಿ ಕೂತ. ಅವನಿಗೆ ಅಳು ಬಂದಿರಲಿಲ್ಲ, ಆದರೆ ಬರುವ ದಾರಿಯಲ್ಲಿತ್ತು. ಇನ್ನು ಇಂಥ ಗೋಡೆ ಯಾವಾಗ ಸಿಗಬೇಕು? ಮೇಡಂ ಮತ್ತೆ ಯಾವಾಗ ನಗಬೇಕು? ಅದಕ್ಕಾಗಿ ತಾನು ಇನ್ನೆಷ್ಟು ಬುಟ್ಟಿಯಲ್ಲಿ ಕೂರಬೇಕು?

ಅಷ್ಟರಲ್ಲಿ ಹೆಂಡತಿ ಊಟದ ಡಬ್ಬಿ ಹಿಡಿದು ಬಂದಳು. ಮೆಟ್ಟಿಲ ಮೇಲಿನ ಗಂಡನನ್ನು ನೋಡಿದಳು, ಒಳಗೆ ತುಂಬಿದ್ದ ಜನರನ್ನು ನೋಡಿದಳು, ನೊರೆಯ ಮುಖದವನನ್ನು ಎರಡು ಸಲ ನೋಡಿದಳು.

"ಏಳ್ರೀ. ನಾನು ನೋಡ್ತೀನಿ, ಒಂದ್ಸಲ ಮಾಡಿ ತೋರ್ಸಿ."

"ನಿನಗೇನು ಗೊತ್ತಾಗುತ್ತೆ ಅಕ್ಕಾ..." ಅಂದ ತಮ್ಮ.

"ನನಗೇನೂ ಗೊತ್ತಿಲ್ಲಪ್ಪ. ಗೊತ್ತಿರೋರೆಲ್ಲ ಬೆಳಿಗ್ಗೆಯಿಂದ ಮಾಡಿದೀರಲ್ಲ."

ಐವತ್ತು ಕೆಬಿ ಕೂತು ಎಕ್ಸ್‌ಪೋರ್ಟ್ ಒತ್ತಿದ. ಪರದೆ ತುಂಬ ಸೆಟ್ಟಿಂಗಿನ ಚೌಕಟ್ಟು ತೆರೆಯಿತು. ಬೆರಳು ಎಂಟರಿನ ಕಡೆ ಹೊರಟಿತು. ಹೆಂಡತಿ ಅದನ್ನು ದಾರಿಯಲ್ಲೇ ಹಿಡಿದಳು.

"ತಡೀರಿ. ಇದು ಪೂರ್ತಿ ಕಾಣ್ತಾನೇ ಇಲ್ವಲ್ಲ. ಕೆಳಗೆ ಅರ್ಧ ಸಾಲು ಕತ್ತರಿಸಿ ಹೋಗಿದೆ. ಅದ್ರ ಕೆಳಗೆ ಏನಿದೆ?"

ಕ್ಷೌರಿಕ ಪರದೆಯನ್ನು ಎತ್ತಿ ಅದರ ಅಡಿಗೆ ಇಣುಕಿದ. "ಧೂಳಿದೆ. ಒಂದು ಗುಂಡುಸೂಜಿ ಇದೆ."

"ಅಲ್ಲಣ್ಣಾ, ಚೌಕಟ್ಟಿನ ಕೆಳಗೆ! ರೀ, ಇಷ್ಟು ವರ್ಷದಿಂದ ಕೆಳಗಿರೋದನ್ನ ನೋಡ್ದೇ ಎಂಟರ್ ಕುಟ್ತಾ ಇದೀರಾ? ಕನ್ನಡಕ ಹಾಕ್ಕೊಂಡ್ರೆ ವಯಸ್ಸಾದಂಗೆ ಕಾಣ್ತೀನಿ ಅಂತ ಅಕ್ಷರನೆಲ್ಲ ಅಂಗಡಿ ಬೋರ್ಡಿನ ಸೈಜಿಗೆ ಉಬ್ಬಿಸಿಟ್ಟಿದೀರಲ್ಲ, ಚೌಕಟ್ಟು ಹಿಡಿಸದೆ ಕೆಳಗೆ ಇಳಿದುಹೋಗಿದೆ. ಚಿಕ್ಕದು ಮಾಡಿ ಅಕ್ಷರ!"

ಅಕ್ಷರ ಚಿಕ್ಕದಾಯಿತು. ಚೌಕಟ್ಟು ಕುಗ್ಗಿ, ವರ್ಷಗಟ್ಟಲೆ ಪಾತಾಳದಲ್ಲಿದ್ದ ಅದರ ಬಾಲ ಮೆಲ್ಲಗೆ ಮೇಲೆ ಬಂತು. ಅಲ್ಲಿ ಎರಡು ಟಿಕ್ ಗುರುತುಗಳು ಜೋಡಿ ಕಳ್ಳರ ಹಾಗೆ ಕೂತಿದ್ದವು. ಒಂದು: ಉದ್ದ ಆರುನೂರು ಪಿಕ್ಸೆಲ್ ಮೀರಬಾರದು. ಎರಡು: ಫೈಲು ಐವತ್ತು ಕೆಬಿ ಮೀರಬಾರದು.

ಯಾರು ಹಾಕಿದ್ದು? ಬೇರೆ ಯಾರು! ಹನ್ನೊಂದು ವರ್ಷದ ಹಿಂದೆ ಪೊಲೀಸ್ ನೇಮಕಾತಿಗೆ ಒಂದೇ ದಿನ ಇನ್ನೂರು ಜನ ಫೋಟೋಕ್ಕೆ ಸಾಲು ನಿಂತಾಗ, ಪ್ರತಿ ಸಲ ಒತ್ತುವುದು ಯಾಕೆ ಅಂತ ಅವನೇ ಹಾಕಿದ್ದ. ಆಮೇಲೆ ಕಣ್ಣು ಮಂಜಾಯಿತು, ಅಕ್ಷರ ದೊಡ್ಡದಾಯಿತು, ಟಿಕ್ಕುಗಳು ನೆಲಮಾಳಿಗೆ ಸೇರಿದವು. ಮೇಲೆ ಯಾರು ಏನೇ ಅಂಕಿ ತುಂಬಲಿ, ಕೆಳಗೆ ಇವೆರಡೂ ಕೂತು ಎಲ್ಲವನ್ನೂ ಹಿಂಡಿ ಕಳಿಸುತ್ತಿದ್ದವು.

"ನಾನು ಅದನ್ನೇ ಹೇಳೋಣ ಅಂತಿದ್ದೆ" ಅಂದ ಭಾಮೈದ.

ಟಿಕ್ಕು ತೆಗೆದರು. ಎಂಟರ್. ಇಪ್ಪತ್ತೆಂಟು ಎಂಬಿ! ಕ್ಷೌರಿಕ ಚಪ್ಪಾಳೆ ಹೊಡೆಯಲು ಹೋಗಿ ಕತ್ತಿಯ ನೆನಪಾಗಿ ನಿಲ್ಲಿಸಿದ. ಪೆನ್‌ಡ್ರೈವ್ ಮುಷ್ಟಿಯಲ್ಲಿ ಹಿಡಿದು ಐವತ್ತು ಕೆಬಿ ಬಸ್ಸಿಗೆ ಅಡ್ಡ ಹಾಯ್ದು, ಡ್ರೈವರಿನ ಬೈಗುಳಕ್ಕೆ ನಮಸ್ಕಾರ ಹೇಳಿ, ಒಂದಕ್ಕೆ ನಾಲ್ಕು ನಿಮಿಷ ಇರುವಾಗ ಬ್ಯಾನರಿನವನ ಮೇಜಿಗೆ ತಲುಪಿದ. ಅಲ್ಲಿಯ ದೊಡ್ಡ ಪರದೆಯಲ್ಲಿ ಮೇಡಂ ಮುಖವನ್ನು ಹಿಗ್ಗಿಸಿ ನೋಡಿದರು. ಚೌಕವಿಲ್ಲ, ಮಸುಕಿಲ್ಲ. ಕನ್ನಡಕದ ಗಾಜಿನಲ್ಲಿ ಲೈಬ್ರರಿಯ ಕಿಟಕಿ, ಕಿಟಕಿಯಾಚೆ ಮರ, ಮರದಲ್ಲಿ ಎಲೆ.

"ಹುಬ್ಬಿನ ಕೂದಲು ಎಣಿಸಬಹುದು" ಅಂದ ಗಿರಾಕಿಯ ಸಮೇತ ಹಿಂದೆಯೇ ಓಡಿಬಂದಿದ್ದ ಕ್ಷೌರಿಕ, ವೃತ್ತಿಯ ಗೌರವದಿಂದ.

"ಇದು ಫೋಟೋ ಅಂದ್ರೆ!" ಅಂದ ಬ್ಯಾನರಿನವನು. ಮಿಷನ್ನು ಓಡಿತು. ನೊರೆ ಒಣಗಿ ಬಿರುಕು ಬಿಟ್ಟಿದ್ದ ಗಿರಾಕಿ ಆಗ ಮೆಲ್ಲಗೆ ಕೇಳಿದ: "ಇನ್ನಾದ್ರೂ ನನ್ನ ಮುಖ ಮುಗಿಸ್ತೀಯಾ?"

ನಾಲ್ಕು ಗಂಟೆಗೆ ವಾಚನಾಲಯದಲ್ಲಿ ಕಾಲಿಡಲು ಜಾಗವಿರಲಿಲ್ಲ. ಐವತ್ತು ಕೆಬಿ ಇಸ್ತ್ರಿಯ ಅಂಗಿ ಹಾಕಿ ಮುಂದಿನ ಸಾಲಿನಲ್ಲಿ ಕೂತಿದ್ದ. ಒಂದು ಪಕ್ಕ ಹೆಂಡತಿ, ಇನ್ನೊಂದು ಪಕ್ಕ ಭಾಮೈದ. ನಗರಸಭೆ ಅಧ್ಯಕ್ಷರು ದೊಡ್ಡ ದೇಹದ, ದೊಡ್ಡ ಗಂಟಲಿನ ಮನುಷ್ಯ. ಅವರು ಹಗ್ಗ ಎಳೆದರು. ಪರದೆ ಸರಿಯಿತು.

ಗೋಡೆಯ ತುಂಬ ಮೇಡಂ ನಗುತ್ತಿದ್ದರು.

ಚಪ್ಪಾಳೆ ಹಂಚು ಹಾರಿಸುವಂತೆ ಎದ್ದಿತು. ಐವತ್ತು ಕೆಬಿಯ ಕಣ್ಣು ತುಂಬಿತು. ಹೆಂಡತಿ ಅವನ ಕೈ ಹಿಡಿದು, "ಚೆನ್ನಾಗಿದೆ ಕಣ್ರೀ, ನಿಜವಾಗ್ಲೂ ಚೆನ್ನಾಗಿದೆ" ಅಂದಳು. ಮೇಡಂ ತಮ್ಮದೇ ಗುಳಿಯನ್ನು ಮೊದಲ ಸಲ ನೋಡಿದವರಂತೆ ಕೆನ್ನೆ ಮುಟ್ಟಿಕೊಂಡರು.

ಆದರೆ ಚಪ್ಪಾಳೆ ಯಾಕೋ ಮುಂದಿನ ಸಾಲಿನಿಂದಲೇ ಕುಂದತೊಡಗಿತು. ಒಬ್ಬರು ಎದ್ದು ಗೋಡೆಯ ಹತ್ತಿರ ಹೋದರು. ಅವರ ಹಿಂದೆ ಇನ್ನೊಬ್ಬರು. ಯಾರೂ ಮೇಡಂ ಮುಖ ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಫೋಟೋದ ಬಲಗಡೆ ಕೆಳಮೂಲೆಯಲ್ಲಿ ನೆಟ್ಟಿದ್ದವು. ಅಲ್ಲಿ ಮೇಡಂ ಮೇಜಿನ ಮೇಲೆ, ಪುಸ್ತಕದ ರಾಶಿಗೆ ಒರಗಿಸಿಟ್ಟ ಒಂದು ಉದ್ದ ನೋಟ್‌ಬುಕ್ಕು ತೆರೆದಿತ್ತು. ಬೆಳಿಗ್ಗೆ ಉಗುರಿನಷ್ಟಿದ್ದದ್ದು ಈಗ ಬಾಗಿಲಿನಷ್ಟಾಗಿತ್ತು. ಮೇಡಂ ಅವರ ದುಂಡು ಅಕ್ಷರ ಹೆಬ್ಬೆರಳ ಗಾತ್ರದಲ್ಲಿ, ಒಂದು ಒತ್ತೂ ಮಸುಕಾಗದೆ, ಫಳಫಳ ಹೊಳೆಯುತ್ತಿತ್ತು.

"ವಾಪಸ್ ಬರದ ಪುಸ್ತಕಗಳು" ಎಂದು ಯಾರೋ ಗಟ್ಟಿಯಾಗಿ ಓದಿದರು.

"ಕ್ಷೌರದಂಗಡಿಯವರು. ಪುಸ್ತಕ: ಮಿತವಾಗಿ ಮಾತಾಡುವುದು ಹೇಗೆ. ಎಂಟು ವರ್ಷ. ಕೇಳಿದರೆ ಬೇರೆ ಮಾತು ತೆಗೆಯುತ್ತಾರೆ."

"ಬ್ಯಾನರ್ ಪ್ರಿಂಟಿನವರು. ಪುಸ್ತಕ: ಸಮಯ ಪಾಲನೆ. ಆರು ವರ್ಷ. ಕಂಡಕೂಡಲೇ ರಸ್ತೆ ದಾಟುತ್ತಾರೆ."

"ನಗರಸಭೆ ಅಧ್ಯಕ್ಷರು. ಪುಸ್ತಕ: ಸಭೆಯಲ್ಲಿ ಧೈರ್ಯವಾಗಿ ಮಾತಾಡಿ. ಹದಿನಾಲ್ಕು ವರ್ಷ. ನಾಳೆ ಕಳಿಸುತ್ತೇನೆ ಎಂದದ್ದು ನಲವತ್ತೊಂದನೇ ಸಲ."

ಕ್ಷೌರಿಕನೂ ಬ್ಯಾನರಿನವನೂ ಹಿಂದಿನ ಬಾಗಿಲಿನಿಂದ ಆಗಲೇ ಮನೆಯ ದಾರಿ ಹಿಡಿದಿದ್ದರು, ಪುಸ್ತಕ ಹುಡುಕಲು. ಉಳಿದ ಹತ್ತಾರು ಜನ ಮೇಡಂ ಅವರನ್ನು ಸುತ್ತಿಕೊಂಡು, ಒಬ್ಬರ ಮೇಲೊಬ್ಬರು ಕಾರಣ ಹೇಳುತ್ತಿದ್ದರು. ಐವತ್ತು ಕೆಬಿಯ ಕಣ್ಣು ಪಟ್ಟಿಯ ಮೇಲಿಂದ ಕೆಳಕ್ಕೆ ಇಳಿಯುತ್ತಾ, ಕನ್ನಡಕವಿಲ್ಲದೆಯೂ, ಕೊನೆಯ ಸಾಲಿನಲ್ಲಿ ನಿಂತಿತು.

"ಫೋಟೋ ಸ್ಟುಡಿಯೋದವರು. ಪುಸ್ತಕ: ಒಳ್ಳೆಯ ಫೋಟೋ ತೆಗೆಯುವುದು ಹೇಗೆ. ಹತ್ತೊಂಬತ್ತು ವರ್ಷ. ಓದಿದ ಲಕ್ಷಣ ಕಾಣುವುದಿಲ್ಲ."

ಹೆಂಡತಿ ಮೆಲ್ಲಗೆ ಅವನ ಕೈ ಬಿಟ್ಟಳು.

ಆಗ ವೇದಿಕೆಯಿಂದ ಗುಡುಗು ಬಂತು. ಅಧ್ಯಕ್ಷರ ಮುಖ ಕೆಂಪಗಾಗಿತ್ತು. "ಈ ಫೋಟೋ ತೆಗೆದೋರು ಯಾರು?"

ಹತ್ತೊಂಬತ್ತು ವರ್ಷ ಕಾದಿದ್ದ ಪ್ರಶ್ನೆ! ಐವತ್ತು ಕೆಬಿಯ ಎಡಗೈ ತಾನಾಗಿಯೇ ಮೇಲೆದ್ದು, ಪಕ್ಕದಲ್ಲಿ ಕೂತಿದ್ದ ಭಾಮೈದನ ಬೆನ್ನಿಗೆ ಹೋಗಿ, ಅವನನ್ನು ಮುಂದಕ್ಕೆ ದೂಡಿತು.

"ಇ... ಇವನು, ಸಾರ್."

ಭಾಮೈದ ಒಂದು ಗಳಿಗೆ ಭಾವನ ಮುಖ ನೋಡಿದ. ಆಮೇಲೆ, ಬಂದದ್ದನ್ನು ಬೇಡ ಅನ್ನುವ ಅಭ್ಯಾಸವಿಲ್ಲದವನಾದ್ದರಿಂದ, ಕೂದಲು ಸರಿಮಾಡಿಕೊಂಡು ನಿಂತ. ಅಧ್ಯಕ್ಷರು ದಡದಡನೆ ಇಳಿದು ಬಂದರು. ಹೊಡೆದೇಬಿಡುತ್ತಾರೆ ಅಂತ ಐವತ್ತು ಕೆಬಿ ಕಣ್ಣು ಮುಚ್ಚಿದ. ಕಣ್ಣು ಬಿಟ್ಟಾಗ ಅಧ್ಯಕ್ಷರು ಭಾಮೈದನನ್ನು ತಬ್ಬಿಕೊಂಡು, ಹೊಟ್ಟೆ ಕುಲುಕುವಂತೆ ನಗುತ್ತಿದ್ದರು.

"ಭೇಷ್! ಹದಿನಾಲ್ಕು ವರ್ಷದಲ್ಲಿ ನನ್ನ ಮುಖದ ಮೇಲೆ ನಿಜ ಹೇಳಿದೋನು ನೀನೊಬ್ನೇ ಕಣಯ್ಯಾ. ಏನು ಸ್ಪಷ್ಟ, ಏನು ಸ್ಪಷ್ಟ! ನಮ್ಮ ಹೊಸ ಕಟ್ಟಡಕ್ಕೆ ಊರಿನ ಹನ್ನೆರಡು ಫೋಟೋ ಬೇಕು, ಇದೇ ಅಳತೆಗೆ, ಗೋಡೆಗೊಂದು. ಎಲ್ಲಾ ನೀನೇ ತೆಗೀಬೇಕು. ಕೆಳಗೆ ನಿನ್ನ ಹೆಸರು ದೊಡ್ಡದಾಗಿ ಹಾಕಿಸ್ತೀನಿ."

"ಸಾರ್!" ಐವತ್ತು ಕೆಬಿ ನಡುವೆ ನುಗ್ಗಿದ. "ಅದು ನಿಜವಾಗಿ ನೋಡಿದ್ರೆ ಸಾರ್, ಈ ಫೋಟೋ ತೆಗೆದಿದ್ದು ನಾನು... ನಂದೇ ಸ್ಟುಡಿಯೋ ಸಾರ್, ಬಸ್ ಸ್ಟ್ಯಾಂಡ್ ಎದುರಿಗೆ..."

ಅಧ್ಯಕ್ಷರು ಅವನನ್ನು ನೋಡಿದರು. ಗೋಡೆಯ ಕೊನೆಯ ಸಾಲನ್ನು ನೋಡಿದರು. ಕನಿಕರದಿಂದ ಅವನ ಭುಜ ತಟ್ಟಿದರು.

"ಸ್ಟುಡಿಯೋದವರು ನೀವೇನಾ? ಓದಿದೆ, ಓದಿದೆ. ಬೇಜಾರ್ ಮಾಡ್ಕೋಬೇಡಿ, ಎಲ್ಲರಿಗೂ ಎಲ್ಲಾ ಕೆಲಸ ಹತ್ತಲ್ಲ."

ಐವತ್ತು ಕೆಬಿ ಆಸೆಯಿಂದ ಮೇಡಂ ಕಡೆ ತಿರುಗಿದ. ಅವರು ಹತ್ತು ಜನರ ನಡುವೆ ಮುಳುಗಿ, "ಎಲ್ಲಾ ಪುಸ್ತಕ ಬರೋ ತನಕ ಈ ಫೋಟೋ ಇಳಿಸಬೇಡೀಪ್ಪಾ!" ಎಂದು, ಬುಟ್ಟಿಯ ದಿನಕ್ಕಿಂತಲೂ ಜೋರಾಗಿ ನಗುತ್ತಿದ್ದರು. ಹೆಂಡತಿಯ ಕಡೆ ತಿರುಗಿದ. ಒಂದು ಕಡೆ ಗಂಡ, ಇನ್ನೊಂದು ಕಡೆ ಒಡಹುಟ್ಟಿದವನಿಗೆ ಕೊನೆಗೂ ಸಿಕ್ಕ ಕೆಲಸ. ಅವಳು ಛಾವಣಿಯ ಫ್ಯಾನಿನ ರೆಕ್ಕೆ ಎಣಿಸುತ್ತಿದ್ದಳು.

ಹೊರಗೆ ಬಂದು ಮೂವರೂ ಮನೆಯ ಕಡೆ ನಡೆದರು. ಬೀದಿ ತಿರುಗುವಲ್ಲಿ ಭಾಮೈದ ಅಕ್ಕನನ್ನು ಮುಂದೆ ಬಿಟ್ಟು, ಭಾವನ ತೋಳು ಹಿಡಿದು, ಬಲು ಪ್ರೀತಿಯಿಂದ ಕಿವಿಯ ಹತ್ತಿರ ಬಗ್ಗಿದ.

"ಭಾವ, ಆ ಒಳ್ಳೆಯ ಫೋಟೋ ತೆಗೆಯೋದು ಹೇಗೆ ಅನ್ನೋ ಪುಸ್ತಕ ಎಲ್ಲಿಟ್ಟಿದೀರಾ? ನಾಲ್ಕು ದಿನ ಕೊಡಿ, ನೋಡಿ ಕೊಡ್ತೀನಿ. ನೀವು ಹೇಗೂ ಓದಲ್ವಲ್ಲ."